ಸ್ಪ್ಯಾನಿಷ್ ಕಲಿಯುವವರಿಗೆ ಒಂದೇ ಒಂದು ಆಲ್ಬಂ: ಕಾಪರ್‌ಪಾಟ್‌ನ ಪಯಣ

ಆರು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೀರಿ. ಪಾಪ್ ರಾಕ್ ಇಷ್ಟ. ಮೊದಲಿನಿಂದ ಕೊನೆಯವರೆಗೆ ಕೇಳುವಂಥ ಒಂದೇ ಒಂದು ಆಲ್ಬಂ ಹೇಳಿ ಅಂದಿದ್ದೀರಿ. ಕೊನೆಗೆ ಒಂದು ಷರತ್ತು ಬೇರೆ: "ಲಕ್ಷಗಟ್ಟಲೆ ಮಾರಾಟವಾದದ್ದು ಬೇಡ, ಅದೆಲ್ಲ ಸಪ್ಪೆ ಇರುತ್ತೆ." ಆ ಷರತ್ತನ್ನು ಈಗಲೇ ಮುರಿಯುತ್ತೇನೆ, ಬೇಜಾರು ಮಾಡ್ಕೋಬೇಡಿ. ನಾನು ಹೇಳುವ ಆಲ್ಬಂ ಸ್ಪೇನ್ ಒಂದರಲ್ಲೇ 10 ಲಕ್ಷಕ್ಕೂ ಜಾಸ್ತಿ ಮಾರಾಟವಾಗಿದೆ.

ಹೆಸರು 'ಎಲ್ ಬಿಯಾಹೆ ದೆ ಕಾಪರ್‌ಪಾಟ್'. ಅಂದರೆ ಕಾಪರ್‌ಪಾಟ್‌ನ ಪಯಣ. 2000ದ ಸೆಪ್ಟೆಂಬರ್‌ನಲ್ಲಿ ಬಂತು. ಹಾಡಿದ್ದು 'ಲಾ ಒರೇಹಾ ದೆ ವಾನ್ ಗೋಗ್' ಅನ್ನುವ ತಂಡ. ಅಂದರೆ ವ್ಯಾನ್ ಗೋನ ಕಿವಿ! ಚಿತ್ರಕಾರ ಕೊಯ್ದುಕೊಂಡ ಅದೇ ಕಿವಿ. ಇಂಥ ಹೆಸರು ಕೇಳಿ ಗಡಸು ರಾಕ್ ಇರಬೇಕು ಅಂದುಕೊಂಡಿದ್ದೆ. ಹಾಕಿ ನೋಡಿದರೆ ಎಳನೀರು.

(ಬರೆಯುವಾಗ 'ವಿಯಾಹೆ' ಅಂತ ಇರುತ್ತದೆ, ಬಾಯಲ್ಲಿ 'ಬಿಯಾಹೆ' ಆಗುತ್ತದೆ. ನಮ್ಮಲ್ಲಿ 'ವನ' ಹೋಗಿ 'ಬನ' ಆಗಲಿಲ್ಲವೇ, 'ವಸತಿ' ಹೋಗಿ 'ಬಸದಿ' ಆಗಲಿಲ್ಲವೇ, ಹಾಗೆ. ನಮಗೆ ಇದೇನೂ ಹೊಸದಲ್ಲ.)

ಆಗ ತಂಡದವರು ಐದು ಜನ. ಹಾಡುವವಳು ಅಮಾಯಾ ಮೊಂತೇರೊ. ಗಿಟಾರ್ ಪಾಬ್ಲೊ ಬೆನೇಗಾಸ್, ಕೀಬೋರ್ಡ್ ಶಾಬಿ ಸಾನ್ ಮಾರ್ತಿನ್, ಬೇಸ್ ಆಲ್ವಾರೊ ಫುವೆಂತೆಸ್, ಡ್ರಮ್ಸ್ ಹಾರಿತ್ಸ್ ಗಾರ್ದೆ. ಸ್ಪೇನ್‌ನ ಉತ್ತರದ ತುದಿಯಲ್ಲಿ, ಫ್ರಾನ್ಸ್ ಗಡಿಗೆ ಹತ್ತಿರ, ಸಾನ್ ಸೆಬಾಸ್ತಿಯಾನ್ ಅನ್ನುವ ಕಡಲೂರಿದೆ. ಅಲ್ಲಿಯ ಕಾಲೇಜು ಹುಡುಗರು 1996ರಲ್ಲಿ ಕಟ್ಟಿಕೊಂಡ ತಂಡ ಇದು. ಅಮಾಯಾ ಪಕ್ಕದ ಇರೂನ್‌ನವಳು. 1998ರಲ್ಲಿ ಮೊದಲ ಆಲ್ಬಂ 'ದಿಲೆ ಆಲ್ ಸೋಲ್' ಬಂತು, ಚೆನ್ನಾಗಿಯೇ ಓಡಿತು. ಎರಡನೆಯದೇ ನಮ್ಮ ಕಾಪರ್‌ಪಾಟ್.

ಈ ಕಾಪರ್‌ಪಾಟ್ ಯಾರು ಅಂತ ಕೇಳುತ್ತೀರಿ. 1985ರಲ್ಲಿ 'ದಿ ಗೂನೀಸ್' ಅಂತ ಒಂದು ಅಮೆರಿಕನ್ ಮಕ್ಕಳ ಸಿನಿಮಾ ಬಂದಿತ್ತು. ಕಡಲ್ಗಳ್ಳನ ನಿಧಿ ಹುಡುಕುತ್ತಾ ಮಕ್ಕಳು ನೆಲದಡಿಯ ಗವಿಗೆ ಇಳಿಯುತ್ತಾರೆ. ಅಲ್ಲಿ ಒಂದು ಅಸ್ಥಿಪಂಜರ ಸಿಗುತ್ತದೆ. ಅದೇ ಚೆಸ್ಟರ್ ಕಾಪರ್‌ಪಾಟ್. ಬಹಳ ಹಿಂದೆ ಅದೇ ನಿಧಿ ಹುಡುಕಲು ಹೋಗಿ, ಸಿಗದೆ, ಅಲ್ಲೇ ಸತ್ತವನು. ಸಿನಿಮಾದಲ್ಲಿ ಅವನಿಗೆ ಸಿಗುವುದು ಒಂದೆರಡು ನಿಮಿಷ, ಅದೂ ಮೂಳೆಯಾಗಿ. ನಿಧಿ ಸಿಕ್ಕಿದ ಮಕ್ಕಳನ್ನು ಬಿಟ್ಟು, ಸಿಗದೆ ಹೋದವನ ಹೆಸರನ್ನು ಆಲ್ಬಂಗೆ ಇಟ್ಟಿದ್ದಾರೆ. ಇಪ್ಪತ್ತು ದಾಟಿದ ಹುಡುಗರಿಗೆ ಇದು ಹೊಳೆದದ್ದು ನನಗೆ ಈಗಲೂ ಇಷ್ಟ.

ಈಗ ಮಾರಾಟದ ಮಾತು. ಆಗ ಸ್ಪೇನ್‌ನಲ್ಲಿ ಒಂದು ಲಕ್ಷ ಪ್ರತಿ ಹೋದರೆ ಪ್ಲಾಟಿನಂ ಅನ್ನುತ್ತಿದ್ದರು. ಇದು ಹತ್ತು ಪ್ಲಾಟಿನಂ ದಾಟಿತು. ದೇಶದ ಜನಸಂಖ್ಯೆ ಆಗ ಸುಮಾರು 4 ಕೋಟಿ, ಕರ್ನಾಟಕಕ್ಕಿಂತ ಕಡಿಮೆ. ಮನೆ ಲೆಕ್ಕ ಹಿಡಿದರೆ ಹೆಚ್ಚುಕಡಿಮೆ ಪ್ರತಿ ಬೀದಿಯಲ್ಲೂ ಒಂದೆರಡು ಸೀಡಿ. ಕಾಲವೂ ಒಂದು ಕಾರಣ. ಸ್ವಲ್ಪ ದಿನಕ್ಕೇ ಅಲ್ಲಿ 'ತೋಪ್ ಮಾಂತಾ' ಜೋರಾಯಿತು. 'ಮಾಂತಾ' ಅಂದರೆ ಕಂಬಳಿ. ಫುಟ್‌ಪಾತ್ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಕಳ್ಳ ಸೀಡಿ ಹರಡಿ ಮಾರುತ್ತಿದ್ದರು. ಕಂಬಳಿಯ ಮೂಲೆಗಳಿಗೆ ಹಗ್ಗ ಕಟ್ಟಿರುತ್ತಿತ್ತು. ಪೊಲೀಸ್ ಬಂದರೆ ಹಗ್ಗ ಎಳೆದರಾಯಿತು, ಅಂಗಡಿ ಗಂಟಾಗಿ ಹೆಗಲೇರುತ್ತಿತ್ತು. ಅದಾದ ಮೇಲೆ ಇಂಟರ್‌ನೆಟ್. ಹಾಗಾಗಿ ಜನ ದುಡ್ಡು ಕೊಟ್ಟು ಸೀಡಿ ಕೊಳ್ಳುತ್ತಿದ್ದ ಕಾಲದ ಕೊನೆಯ ದೊಡ್ಡ ಬೆಳೆಗಳಲ್ಲಿ ಇದೂ ಒಂದು.

ಆದರೆ ಕಾಲ ಚೆನ್ನಾಗಿದ್ದಷ್ಟಕ್ಕೆ ಎಲ್ಲ ತಂಡಗಳೂ ಇಷ್ಟು ಮಾರಲಿಲ್ಲವಲ್ಲ. ಇದು ಮಾರಿದ್ದಕ್ಕೆ ನನಗೆ ಕಾಣುವ ಕಾರಣವೂ, ನಿಮಗೆ ಇದನ್ನೇ ಹೇಳುತ್ತಿರುವ ಕಾರಣವೂ ಒಂದೇ. ಈ ಹಾಡುಗಳು ಮಾತಾಡುವ ಭಾಷೆಯಲ್ಲಿವೆ. ಅಡುಗೆಮನೆಯಲ್ಲಿ, ಫೋನಿನಲ್ಲಿ, ಬಸ್‌ಸ್ಟಾಪಿನಲ್ಲಿ ಆಡುವ ಮಾತನ್ನೇ ಟ್ಯೂನಿಗೆ ಕೂರಿಸಿದ್ದಾರೆ. ಅಮಾಯಾ ಅಕ್ಷರ ನುಂಗುವುದಿಲ್ಲ. ಧ್ವನಿಯಲ್ಲಿ ಸ್ವಲ್ಪ ಹುಡುಗಾಟ ಇದೆ, ಸಾಲಿನ ಕೊನೆಗೆ ಬಂದಾಗ ಮುದ್ದು ಜಾಸ್ತಿಯಾಗುತ್ತದೆ, ನಿಜ. ಆದರೆ ಕಲಿಯುವವರ ಕಿವಿಗೆ ಅವಳಷ್ಟು ಉಪಕಾರ ಮಾಡಿದವರು ಕಡಿಮೆ.

ಆಲ್ಬಂನಿಂದ ಮೊದಲು ಹೊರಬಂದ ಹಾಡು 'ಕ್ವೀದಾತೆ', ಅಂದರೆ ಹುಷಾರಾಗಿರು. ನಿಮ್ಮ ಮೇಷ್ಟರು ಈ ಥರದ ಕ್ರಿಯಾಪದವನ್ನು 'ರಿಫ್ಲೆಕ್ಸಿವ್' (ಮಾಡಿದವರಿಗೇ ತಿರುಗುವ ಕೆಲಸ) ಅಂತ ಹೇಳಿ ಹೆದರಿಸಿರಬಹುದು. ನನಗೂ ಹೆದರಿಸಿದ್ದರು. ಒಂದು ದಿನ ಬಸ್ಸಿನಲ್ಲಿ ಈ ಹಾಡು ಕೇಳುತ್ತಿದ್ದಾಗ ತಟ್ಟನೆ ಹೊಳೆಯಿತು: ಇದು ನಮ್ಮ 'ಕೊಳ್ಳು' ಅಲ್ವಾ! 'ಕ್ವಿದಾರ್' ಅಂದರೆ ಕಾಪಾಡುವುದು. 'ಕ್ವಿದಾರ್‌ಸೆ' ಅಂದರೆ ತನ್ನನ್ನು ತಾನು ಕಾಪಾಡಿಕೊಳ್ಳುವುದು. 'ಲವಾರ್' ತೊಳೆ, 'ಲವಾರ್‌ಸೆ' ತೊಳೆದುಕೊ. ಎಲ್ಲ ಕಡೆ ಹೊಂದುವುದಿಲ್ಲ, ಆದರೆ ಮುಕ್ಕಾಲು ದಾರಿ ಇದೇ ದಾಟಿಸುತ್ತದೆ. ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಯುವುದನ್ನು ನಾನು ಅವತ್ತೇ ಬಿಟ್ಟೆ. 'ನಾನು' ಅಂತ ಹೇಳದೆ ಬರೀ ಕ್ರಿಯಾಪದದ ಬಾಲದಿಂದಲೇ ಯಾರು ಅಂತ ತಿಳಿಸುವುದು ನಮಗೆ ಹುಟ್ಟಿನಿಂದ ಬಂದದ್ದು. 'ಕಾಂತೊ' ಅಂದರೆ ಹಾಡುತ್ತೇನೆ, 'ಕಾಂತಾಸ್' ಅಂದರೆ ಹಾಡುತ್ತೀಯ. ತ, ದ ಕೂಡ ನಮ್ಮ ತ, ದಗಳೇ, ನಾಲಿಗೆ ಹಲ್ಲಿಗೇ ತಾಗಬೇಕು. ಅವರ ಎರಡು 'ರ'ಗಳು ಮಾತ್ರ ಸ್ವಲ್ಪ ಸತಾಯಿಸುತ್ತವೆ. ಹಳಗನ್ನಡದ ಱ ಇನ್ನೂ ಬಳಕೆಯಲ್ಲಿ ಇದ್ದಿದ್ದರೆ ಅದೂ ಸಲೀಸಾಗುತ್ತಿತ್ತೋ ಏನೋ.

'ನೀನು', 'ನೀವು' ಎರಡೂ ಇವೆ: 'ತೂ', 'ಉಸ್ತೆದ್'. ಇಲ್ಲಿ ಮಾತ್ರ ಕನ್ನಡದ ಬುದ್ಧಿ ಕೈಕೊಡುತ್ತದೆ. ನಾನು ಸಾನ್ ಸೆಬಾಸ್ತಿಯಾನ್‌ನಲ್ಲಿ ಎರಡು ವರ್ಷ ಕೆಲಸಕ್ಕಿದ್ದೆ. ಬಾಡಿಗೆ ಮನೆಯ ಯಜಮಾನಿಗೆ ಎಪ್ಪತ್ತು ದಾಟಿತ್ತು. ಮೊದಲ ವಾರ ಮೆಟ್ಟಿಲಲ್ಲಿ ಸಿಕ್ಕಾಗ ಮರ್ಯಾದೆಯಿಂದ 'ಕ್ವೀದೆಸೆ' ಅಂದೆ, ಹುಷಾರಾಗಿರಿ ಅಂತ. ಅಜ್ಜಿ ನಿಂತರು. "ನಾನು ಅಷ್ಟೊಂದು ಮುದುಕಿ ಥರ ಕಾಣ್ತೀನಾ? 'ಕ್ವೀದಾತೆ' ಅನ್ನು, ಮಗ." ತಿರುಗಿ ಕೆಳಗೆ ಇಳಿಯುತ್ತಾ ಆ ಹಾಡಿನ ಪಲ್ಲವಿಯನ್ನೇ ಗುನುಗಿಕೊಂಡು ಹೋದರು. ನಮ್ಮೂರಲ್ಲಿ ಅಷ್ಟು ವಯಸ್ಸಾದವರಿಗೆ 'ನೀನು' ಅಂದಿದ್ದರೆ ಕಪಾಳಕ್ಕೆ ಬೀಳುತ್ತಿತ್ತು.

ಆ ಊರಿನ ಬಗ್ಗೆ ಹೇಳದಿದ್ದರೆ ಆಲ್ಬಂ ಅರ್ಧ ಕೇಳಿದ ಹಾಗೆ. ಚಿಪ್ಪಿನ ಆಕಾರದ ಕೊಲ್ಲಿ, ಹೆಸರೂ ಅದೇ, ಲಾ ಕೊಂಚಾ. ಅದರ ಪಕ್ಕ ಹಳೇ ಪೇಟೆ. ಬಾರ್‌ಗಳಲ್ಲಿ ಬ್ರೆಡ್ ತುಂಡಿನ ಮೇಲೆ ಮೀನೋ ಮೆಣಸಿನಕಾಯಿಯೋ ಇಟ್ಟು ಕಡ್ಡಿ ಚುಚ್ಚಿರುತ್ತಾರೆ. ಅದಕ್ಕೆ ಪಿಂಚೊ ಅನ್ನುತ್ತಾರೆ. ಹಳೆಯ ಪದ್ಧತಿಯ ಬಾರ್‌ಗಳಲ್ಲಿ ತಿಂದಾದ ಮೇಲೆ ಕಡ್ಡಿ ಎಣಿಸಿ ಬಿಲ್. ಮಳೆ ಮಾತ್ರ ಪಕ್ಕಾ ತೀರ್ಥಹಳ್ಳಿ. 'ಸಿರಿಮಿರಿ' ಅನ್ನುತ್ತಾರೆ. ನಮ್ಮ ಸೋನೆ ಮಳೆಯೇ: ಕೊಡೆ ಬಿಚ್ಚಲು ನಾಚಿಕೆ, ಬಿಚ್ಚದಿದ್ದರೆ ಮನೆ ಸೇರುವಷ್ಟರಲ್ಲಿ ಪೂರ್ತಿ ಒದ್ದೆ. ಆಲ್ಬಂನ 'ಲಾ ಪ್ಲಾಯಾ', ಅಂದರೆ ಕಡಲತೀರ, ಹೆಸರು ನೋಡಿದರೆ ಬಿಸಿಲಿನ ಹಾಡು ಅನಿಸುತ್ತದೆ. ಕೇಳಿ ನೋಡಿ. ಬೇಸಿಗೆ ಮುಗಿದು, ಜನ ಖಾಲಿಯಾಗಿ, ಮರಳು ಒದ್ದೆಯಾಗಿರುವ ಹೊತ್ತು ಅದು. ದೂರವಾದ ಪ್ರೀತಿಯನ್ನು ನೆನೆದು ಮಾತಾಡಿಸುವ ಹಾಡು. ಆಗಸ್ಟ್‌ನ ಊರ ಹಬ್ಬದಲ್ಲಿ ಆ ಕೊಲ್ಲಿಯ ಮೇಲೆ ರಾತ್ರಿ ರಾತ್ರಿ ಬಾಣಬಿರುಸಿನ ಸ್ಪರ್ಧೆ ನಡೆಯುತ್ತದೆ. ಒಂದು ರಾತ್ರಿ ಹೊಗೆ ಇನ್ನೂ ಕರಗಿರಲಿಲ್ಲ, ಯಾರದ್ದೋ ಫೋನಿನಿಂದ ಈ ಹಾಡು ಶುರುವಾಯಿತು. ಐಸ್‌ಕ್ರೀಂ ಹಿಡಿದ ಹುಡುಗಿಯರು, ಅವರಮ್ಮಂದಿರು, ಎಲ್ಲರೂ ಸುಮ್ನೆ ಸೇರಿಕೊಂಡರು. ಯಾರೂ ಜೋರಾಗಿ ಹಾಡಲಿಲ್ಲ.

ಅಲ್ಲಿಯ ಮಣ್ಣಿನ ಭಾಷೆ ಸ್ಪ್ಯಾನಿಷ್ ಅಲ್ಲ, ಬಾಸ್ಕ್. ಅವರ ಬಾಯಲ್ಲಿ ಎವುಸ್ಕಾರಾ. ಸ್ಪ್ಯಾನಿಷ್‌ಗೂ ಅದಕ್ಕೂ ಯಾವ ನಂಟೂ ಇಲ್ಲ. ಊರಿಗೂ ಆ ಭಾಷೆಯಲ್ಲಿ ಬೇರೆ ಹೆಸರಿದೆ, ದೊನೊಸ್ತಿಯಾ. ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಆ ಭಾಷೆಯನ್ನು ಅದುಮಿಟ್ಟಿದ್ದರು. 80ರ ದಶಕದಲ್ಲಿ ಆ ಕಡೆಯ ಹುಡುಗರು ಕೋಪದ ಪಂಕ್ ರಾಕ್ ಹಾಡಿದರು. ಅದೇ ಹೊತ್ತಿಗೆ ಇದೇ ಊರಿನ ಡಂಕನ್ ಧು ತಂಡ ಸ್ಪ್ಯಾನಿಷ್‌ನಲ್ಲಿ ಮೆಲುದನಿಯ ಹಾಡು ಮಾಡಿ ದೇಶವೆಲ್ಲ ಹೆಸರಾಯಿತು. ನಮ್ಮ ಕಿವಿಯ ತಂಡ ನಡೆದದ್ದು ಈ ಎರಡನೇ ದಾರಿಯಲ್ಲಿ.

ಮೆಲುದನಿ ಅಂದ ಮಾತ್ರಕ್ಕೆ ಊರು ತಣ್ಣಗಿತ್ತು ಅಂದುಕೊಳ್ಳಬೇಡಿ. ಆಲ್ಬಂ ಬಂದ 2000ದಲ್ಲಿ, ಬಾಸ್ಕ್ ನಾಡು ಪ್ರತ್ಯೇಕ ದೇಶವಾಗಬೇಕು ಅನ್ನುತ್ತಿದ್ದ ಎತಾ ಅನ್ನುವ ಬಂದೂಕಿನ ಸಂಘಟನೆ ಕದನವಿರಾಮ ಮುರಿದು ಮತ್ತೆ ಕೊಲ್ಲುವುದಕ್ಕೆ ಇಳಿದಿತ್ತು. ಆ ಒಂದೇ ವರ್ಷ 20ಕ್ಕೂ ಹೆಚ್ಚು ಜನ ಸತ್ತರು. ಗಿಟಾರ್ ನುಡಿಸುವ ಪಾಬ್ಲೊ ಅವರ ತಂದೆ ಚಿಕಿ ಬೆನೇಗಾಸ್ ಬಾಸ್ಕ್ ನಾಡಿನ ಸಮಾಜವಾದಿ ಮುಖಂಡರಾಗಿದ್ದರು. ಅಂಥವರ ಮೇಲೆ ಎತಾ ಕಣ್ಣಿತ್ತು. ಅಂಗರಕ್ಷಕರ ನಡುವೆ, ಹೆದರಿಕೆಯಲ್ಲೇ ಬೆಳೆದ ಆ ಬಾಲ್ಯದ ಬಗ್ಗೆ ಪಾಬ್ಲೊ ಎಷ್ಟೋ ವರ್ಷ ಆದಮೇಲೆ 'ಮೆಮೋರಿಯಾ' ಅಂತ ಪುಸ್ತಕ ಬರೆದರು. ಅದು ಗೊತ್ತಾದ ಮೇಲೆ ನಾನು ಮತ್ತೆ ಆಲ್ಬಂ ಹಾಕಿದೆ. ಬಾಂಬು, ಬಂದೂಕು ಎಲ್ಲೂ ಇಲ್ಲ. ಪ್ರೀತಿ, ಕಡಲು, ಪ್ಯಾರಿಸ್, ಒಂಟಿತನ, ಅಷ್ಟೇ. ಕೆಲವರು ಇದನ್ನು ತಪ್ಪಿಸಿಕೊಳ್ಳುವಿಕೆ ಅನ್ನಬಹುದು. ಊರಿನಲ್ಲಿ ಗೋಡೆಗೂ ಕಿವಿಯಿದ್ದ ಕಾಲದಲ್ಲಿ, ನಾಲ್ಕು ನಿಮಿಷ ಯಾರೂ ಯಾರಿಗೂ ಹೆದರದೆ ಒಟ್ಟಿಗೆ ಹಾಡಬಹುದಾಗಿದ್ದದ್ದು ಇದೊಂದೇ ಇರಬೇಕು ಅಂತ ನನ್ನ ಊಹೆ.

ನಿಮ್ಮ 'ಸಪ್ಪೆ' ಅನುಮಾನ ಪೂರ್ತಿ ಸುಳ್ಳು ಅನ್ನಲಾರೆ. ಸ್ಪೇನ್‌ನಲ್ಲಿ ಇದಕ್ಕೆ 'ನ್ಯೋನ್ಯೊ' ಅಂತ ಒಂದು ಪದವೇ ಇದೆ. ಅತಿ ಮುದ್ದು, ಸ್ವಲ್ಪ ಅಳುಮುಂಜಿ. ನನ್ನ ಆಫೀಸಿನ ರಾಕ್ ಹುಚ್ಚರು ಈ ತಂಡಕ್ಕೆ ಅದೇ ಪದ ಎಸೆಯುತ್ತಿದ್ದರು (ಎಸೆದ ಮೇಲೆ ಎಲ್ಲ ಹಾಡೂ ಬಾಯಿಪಾಠ ಹೇಳುತ್ತಿದ್ದರು, ಅದು ಬೇರೆ). ನಿರ್ಮಾಪಕ ನೈಜೆಲ್ ವಾಕರ್ ಬ್ರಿಟನ್‌ನವರು. ಗಿಟಾರ್, ಕೀಬೋರ್ಡ್ ಎಲ್ಲ ತೊಳೆದಿಟ್ಟ ಹಾಗೆ ಸ್ವಚ್ಛವಾಗಿ ಕೇಳಿಸುತ್ತವೆ. ಸ್ವಲ್ಪ ಗಲೀಜಾಗಿದ್ದರೆ ಚೆನ್ನಾಗಿತ್ತು ಅಂತ ನನಗೂ ಅನಿಸಿದೆ. ಆಲ್ಬಂನ ಎರಡನೇ ಅರ್ಧದಲ್ಲಿ ಒಂದೆರಡು ಹಾಡು ಯಾವುದು ಯಾವುದು ಅಂತ ಗೊತ್ತಾಗದೆ ಜಾರಿಹೋಗುತ್ತವೆ. ಅವು ಬಂದಾಗ ಕಾಫಿ ಮಾಡಿಕೊಳ್ಳಿ.

ಆದರೆ 'ಸೊಲೆದಾದ್' ಬಿಡಬೇಡಿ. ಪದದ ಅರ್ಥ ಒಂಟಿತನ. ಅಲ್ಲಿ ಅದು ಹೆಂಗಸರ ಹೆಸರೂ ಹೌದು, ನಮ್ಮ ಶಾಂತಮ್ಮನ ಹಾಗೆ ಮಾಮೂಲಿ. ಹಾಡಿನಲ್ಲಿ ಒಂಟಿತನವನ್ನೇ ಹೆಸರು ಹಿಡಿದು ಕರೆದು ಮಾತಾಡಿಸುತ್ತಾರೆ, ಕೆಲಸ ಕೇಳಿಕೊಂಡು ಬಾಗಿಲಿಗೆ ಬಂದವರು ಕಾಗದಪತ್ರ ತೋರಿಸುವ ಹಾಗೆ. ಪದಕ್ಕಿರುವ ಈ ಎರಡು ಅರ್ಥ ಗೊತ್ತಿಲ್ಲದಿದ್ದರೆ ಹಾಡಿನ ಅರ್ಧ ಮಜಾ ಹೋಗುತ್ತದೆ. 'ಲೋಸ್ ಆಮಾಂತೆಸ್ ದೆಲ್ ಸೀರ್ಕುಲೊ ಪೊಲಾರ್', ಅಂದರೆ ಧ್ರುವವೃತ್ತದ ಪ್ರೇಮಿಗಳು, ಅನ್ನುವ ಹಾಡೂ ಇದೆ. ಅದೇ ಹೆಸರಿನ ಸಿನಿಮಾವನ್ನು ಇದೇ ಊರಿನ ಹುಲಿಯೊ ಮೇದೆಮ್ 1998ರಲ್ಲಿ ತೆಗೆದಿದ್ದರು. ಸಿನಿಮಾ ನೋಡಿ ಹಾಡು ಕೇಳಿದರೆ ಒಳ್ಳೆಯದು.

ವ್ಯಾಕರಣದ ಲೆಕ್ಕದಲ್ಲಿ ಹೇಳುವುದಾದರೆ, 'ಪಾರೀಸ್' ಹಾಡಿನಲ್ಲಿ 'ಬಾ', 'ಹತ್ತಿರ ಬಾ', 'ತಿರುಗಿ ನಗು' ಥರದ ಕರೆಗಳು ತುಂಬಾ ಇವೆ. ಆಜ್ಞಾರ್ಥಕ ಅಲ್ಲೇ ಕಲಿಯಿರಿ. 'ಲಾ ಪ್ಲಾಯಾ'ದಲ್ಲಿ ಭೂತಕಾಲ ಇದೆ, ಜೊತೆಗೆ 'ಬರೆಯಲಿದ್ದೇನೆ' ಅನ್ನುವಂಥ ಭವಿಷ್ಯ. ನಾನಾದರೆ ಮೊದಲ ಎರಡು ದಿನ ಸಾಹಿತ್ಯ ನೋಡದೆ ಕೇಳುತ್ತಿದ್ದೆ, ಮೂರನೇ ದಿನ ಕಿವಿಗೆ ಬಿದ್ದದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಇಂಗ್ಲಿಷ್ ಲಿಪಿಯಲ್ಲಿ ಬೇಡ. ಸ್ಪ್ಯಾನಿಷ್‌ನ ಐದು ಸ್ವರಗಳು ನಮ್ಮ ಅಕ್ಷರದಲ್ಲಿ ಕೂತಷ್ಟು ಸರಿಯಾಗಿ ಅದರಲ್ಲಿ ಕೂರುವುದಿಲ್ಲ.

ಇದು ಹಿಡಿಸಿದರೆ ಮುಂದಿನದು 2003ರ ಆಲ್ಬಂ, 'ರೋಸಾಸ್' ಹಾಡು ಇರುವುದು. ಅದು ಲ್ಯಾಟಿನ್ ಅಮೆರಿಕದಲ್ಲೂ ಮನೆಮಾತಾಯಿತು. ಅಮಾಯಾ 2007ರಲ್ಲಿ ತಂಡ ಬಿಟ್ಟಳು, ಲೇಯ್ರೆ ಮಾರ್ತೀನೆಸ್ ಬಂದಳು. ಯಾರು ಮೇಲು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ, ಬಾರ್‌ನಲ್ಲಿ ಅದಕ್ಕೆ ಸಾಕಷ್ಟು ಸಂಜೆ ಕಳೆದಿದ್ದೇನೆ.

ಹೊರಡುವ ವಾರ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಕಾಪರ್‌ಪಾಟ್ ಸೀಡಿ ಕೊಂಡೆ. ಒಳಗಿನ ಪುಸ್ತಕದಲ್ಲಿ ಯಾರೋ ಪೆನ್ಸಿಲ್‌ನಿಂದ ಗಿಟಾರ್ ಕಾರ್ಡ್ಸ್ ಗುರುತು ಹಾಕಿಕೊಂಡಿದ್ದಾರೆ, 'ಲಾ ಪ್ಲಾಯಾ' ಒಂದಕ್ಕೆ ಮಾತ್ರ. ಈಗ ಮನೆಯಲ್ಲಿ ಸೀಡಿ ಪ್ಲೇಯರ್ ಇಲ್ಲ. ನೀವು ಗಿಟಾರ್ ನುಡಿಸುವವರಾದರೆ ಹೇಳಿ, ಆ ಪುಟದ ಫೋಟೋ ತೆಗೆದು ಕಳಿಸುತ್ತೇನೆ.