ಸ್ಟ್ರೋಬ್ ಮಿಂಚುತ್ತದೆ, ಫೋಟೋ ಮಾತ್ರ ಕತ್ತಲೆ: ಮೊದಲು ಕನ್ನಡಿ ಮುಂದೆ ನಿಲ್ಲಿ

ನಮಸ್ಕಾರ. ನೇತ್ರಾಣಿ ದ್ವೀಪದ ಬಳಿ ನೀರಿನೊಳಗೆ ತೆಗೆದ ನಿಮ್ಮ ಆರೂ ಫೋಟೋ ನೋಡಿದೆ. ಸೋನಿ ಆರ್‌ಎಕ್ಸ್ 100 ಕ್ಯಾಮೆರಾ, ಹೌಸಿಂಗ್ (ನೀರು ಹೋಗದ ಕವಚ), ಬೆಳಕು ಒಯ್ಯುವ ಫೈಬರ್ ಕೇಬಲ್‌ನಲ್ಲಿ ಒಂದು ಸ್ಟ್ರೋಬ್, ಅಂದರೆ ಕ್ಯಾಮೆರಾದ ಫ್ಲ್ಯಾಶ್ ನೋಡಿ ಮಿಂಚುವ ಹೊರಗಿನ ಫ್ಲ್ಯಾಶ್. ಸ್ಟ್ರೋಬ್ ಮಿಂಚಿದ್ದನ್ನು ಜೊತೆಗಿದ್ದವರೂ ನೋಡಿದ್ದಾರೆ. ಆದರೂ ಐದು ಫೋಟೋ ಕಪ್ಪು-ನೀಲಿ, ಒಂದರಲ್ಲಿ ಮಾತ್ರ ಬೆಳಕು ಚೆನ್ನಾಗಿ ಬಂದಿದೆ. ಸ್ಟ್ರೋಬ್ ಹೋಗಿದೆ, ಹೊಸದು ತಗೊಳ್ಳಿ ಅಂತ ಯಾರೋ ಹೇಳಿದರು ಎಂದು ಬರೆದಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ಸ್ಟ್ರೋಬ್ ಚೆನ್ನಾಗಿಯೇ ಇರಬಹುದು, ಮಿಂಚುವ ಹೊತ್ತು ಮಾತ್ರ ತಪ್ಪುತ್ತಿದೆ ಅಂತ ನನಗನಿಸುತ್ತದೆ.

ಆಗುವುದು ಹೀಗೆ. ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಒಂದು ಫೋಟೋಗೆ ಎರಡು ಸಲ ಮಿಂಚುತ್ತದೆ. ಮೊದಲನೆಯದು ಬೆಳಕು ಎಷ್ಟು ಬೇಕು ಅಂತ ಅಳೆಯಲಿಕ್ಕೆ. ಅದೇ ಪ್ರೀ-ಫ್ಲ್ಯಾಶ್. ಎರಡನೆಯದು ನಿಜವಾದ ಫೋಟೋಗೆ. ಎರಡರ ನಡುವೆ ಇರುವ ಸಮಯ ಎಷ್ಟು ಕಡಿಮೆ ಅಂದರೆ ನಮ್ಮ ಕಣ್ಣಿಗೆ ಒಂದೇ ಮಿಂಚು ಕಾಣುತ್ತದೆ. ಕೇಬಲ್ ತುದಿಯಲ್ಲಿರುವ ಸ್ಟ್ರೋಬ್‌ಗೆ ಮಾತ್ರ ಎರಡೂ ಕಾಣುತ್ತವೆ. ಮ್ಯಾನುವಲ್‌ನಲ್ಲಿ (ಪವರ್ ನಾವೇ ಇಡುವ ಮೋಡ್) ತಪ್ಪು ಸೆಟ್ಟಿಂಗ್ ಇದ್ದರೆ ಅದು ಮೊದಲನೆಯದಕ್ಕೇ ಪೂರ್ತಿ ಶಕ್ತಿ ಸುರಿದುಬಿಡುತ್ತದೆ. ಶಟರ್ ತೆರೆಯುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಪವರ್ ಕಡಿಮೆ ಇಟ್ಟಾಗ ಒಮ್ಮೊಮ್ಮೆ ಎರಡಕ್ಕೂ ಸಾಕಾಗುವಷ್ಟು ಚಾರ್ಜ್ ಉಳಿದಿರುತ್ತದೆ. ನಿಮ್ಮ ಆ ಒಂದು ಒಳ್ಳೆಯ ಫೋಟೋ ಹಾಗೆ ಬಂದಿರಬಹುದು.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎಲ್ಲವನ್ನೂ ನೀರಿಗೆ ಒಯ್ಯುವ ಹಾಗೆಯೇ ಜೋಡಿಸಿ. ರಾತ್ರಿ ಕೋಣೆಯ ದೀಪ ಮಂದ ಮಾಡಿ, ದೊಡ್ಡ ಕನ್ನಡಿಯಿಂದ ಒಂದು ಮೀಟರ್ ದೂರ ನಿಲ್ಲಿ. ಕ್ಯಾಮೆರಾ ಎಂ (ಮ್ಯಾನುವಲ್) ಮೋಡ್, ಐಎಸ್ಒ (ಬೆಳಕಿನ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಬಾಯಿ) ಎಫ್ 8, ಶಟರ್ 1/125 ಸೆಕೆಂಡ್. ಸ್ಟ್ರೋಬನ್ನು ಕನ್ನಡಿ ಕಡೆಗೆ ತಿರುಗಿಸಿ ಒಂದು ಫೋಟೋ ತೆಗೆಯಿರಿ. ಮಿಂಚುವಾಗ ಸ್ಟ್ರೋಬನ್ನೇ ದಿಟ್ಟಿಸಬೇಡಿ. ಆಮೇಲೆ ಫೋಟೋ ನೋಡಿ. ಸ್ಟ್ರೋಬ್‌ನ ಮುಖ ಬೆಳ್ಳಗೆ ಉರಿಯುತ್ತಿದ್ದರೆ ಹೊತ್ತು ಸರಿಯಿದೆ. ಕೋಣೆಯಲ್ಲಿ ಮಿಂಚಿತು, ಫೋಟೋದಲ್ಲಿ ಮಾತ್ರ ಸ್ಟ್ರೋಬ್ ಕಪ್ಪಗಿದೆ ಅಂದರೆ ಪ್ರೀ-ಫ್ಲ್ಯಾಶ್ ತೊಂದರೆಯೇ. ಸ್ಟ್ರೋಬ್ ಬೇಗ ಬಿಸಿಯಾಗುತ್ತದೆ, ಹಾಗಾಗಿ ನೀರಿನಾಚೆ ನಾಲ್ಕೈದು ಸಲಕ್ಕಿಂತ ಜಾಸ್ತಿ ಬೇಡ.

ಕೆಲವು ಕ್ಯಾಮೆರಾಗಳಲ್ಲಿ ಫ್ಲ್ಯಾಶನ್ನೇ ಮ್ಯಾನುವಲ್ ಮಾಡಿದರೆ ಪ್ರೀ-ಫ್ಲ್ಯಾಶ್ ನಿಂತುಹೋಗುತ್ತದೆ. ಆರ್‌ಎಕ್ಸ್ 100ರಲ್ಲಿ ಆ ಆಯ್ಕೆ ಇಲ್ಲ, ಹಾಗಾಗಿ ಸ್ಟ್ರೋಬ್ ಕಡೆಯಿಂದಲೇ ಸರಿ ಮಾಡಬೇಕು. ಹಿಂಬದಿಯ ಗುಂಡಿ ನೋಡಿ. ಕೆಲವು ಸ್ಟ್ರೋಬ್‌ಗಳಲ್ಲಿ ಒಂಟಿ ಮಿಂಚಿನ ಗುರುತು, ಜೋಡಿ ಮಿಂಚಿನ ಗುರುತು ಅಂತ ಎರಡಿರುತ್ತವೆ. ಜೋಡಿ ಇರುವುದು ನಿಮಗೆ ಬೇಕಾದದ್ದು. ಮೊದಲ ಮಿಂಚನ್ನು ಬಿಟ್ಟು ಎರಡನೆಯದಕ್ಕೆ ಹೊಡೆಯುತ್ತದೆ. ಟಿಟಿಎಲ್ (ಬೆಳಕನ್ನು ಕ್ಯಾಮೆರಾ ತಾನೇ ಅಳೆದು ಹೊಂದಿಸುವ ಮೋಡ್) ಇದ್ದರೆ ಅದರಲ್ಲೂ ಒಮ್ಮೆ ಕನ್ನಡಿ ಪರೀಕ್ಷೆ ಮಾಡಿ.

ಕನ್ನಡಿ ಮುಂದೆ ಸ್ಟ್ರೋಬ್ ಮಿಂಚಲೇ ಇಲ್ಲ ಅಂದರೆ ದಾರಿ ಬೇರೆ. ಆರ್‌ಎಕ್ಸ್ 100ರ ಫ್ಲ್ಯಾಶ್ ಮೇಲೆದ್ದು ನಿಲ್ಲಬೇಕು. ಕೆಲವು ಹೌಸಿಂಗ್‌ಗಳಲ್ಲಿ ಮುಚ್ಚುವ ಮುಂಚೆಯೇ ಅದನ್ನು ಎಬ್ಬಿಸಬೇಕು, ಒಳಗೆ ಹೋದ ಮೇಲೆ ಆಗುವುದಿಲ್ಲ. ಫ್ಲ್ಯಾಶ್ ಮೋಡ್ ಆಟೋ ಬೇಡ, ಫಿಲ್ ಫ್ಲ್ಯಾಶ್ (ಪ್ರತಿ ಸಲವೂ ಮಿಂಚುವ ಮೋಡ್) ಇಡಿ. ಎಲೆಕ್ಟ್ರಾನಿಕ್ ಶಟರ್ ಇದ್ದರೆ ಮೆಕ್ಯಾನಿಕಲ್‌ಗೆ ಬದಲಿಸಿ. ಕೇಬಲ್ ಪರೀಕ್ಷೆ ಸುಲಭ: ಒಂದು ತುದಿಗೆ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ತುದಿ ನೋಡಿ. ಬೆಳಕಿನ ಚುಕ್ಕಿ ಚೆನ್ನಾಗಿ ಕಾಣಬೇಕು. ಮಂಕಾಗಿದ್ದರೆ ಕೇಬಲ್ ಎಲ್ಲೋ ಮಡಚಿ ಒಳಗೆ ಮುರಿದಿದೆ, ಅಥವಾ ತುದಿ ಗೀಚಿದೆ. ಚೂಪಾದ ಬ್ಲೇಡಿನಿಂದ ತುದಿಯನ್ನು ನೇರವಾಗಿ ಒಂದಿಷ್ಟು ಕತ್ತರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಸೆಲ್ ಬಗ್ಗೆ ನನ್ನದೇ ಅನುಭವ ಹೇಳಬೇಕು. ಒಂದು ಡೈವ್‌ನಲ್ಲಿ ಮೊದಲ ಫೋಟೋ ಚೆನ್ನಾಗಿ ಬಂತು. ಆಮೇಲೆ ಸ್ಟ್ರೋಬ್ ಚಾರ್ಜ್ ಆಯಿತು ಅಂತ ತೋರಿಸುವ ರೆಡಿ ದೀಪ ಬರಲಿಕ್ಕೆ ಹತ್ತು ಸೆಕೆಂಡ್, ಹದಿನೈದು ಸೆಕೆಂಡ್ ಹಿಡಿಯುತ್ತಾ ಹೋಯಿತು. ಮುಂದೆಯೇ ಗಿಳಿಮೀನಿನ ಹಿಂಡು ಹವಳ ಕೆರೆಯುತ್ತಿತ್ತು, ನಾನು ದೀಪಕ್ಕೆ ಕಾಯುತ್ತಿದ್ದೆ. ಆ ದಿನದ ಬೇಸರ ಇನ್ನೂ ಹೋಗಿಲ್ಲ. ಮನೆಗೆ ಬಂದು ನೋಡಿದರೆ ನಾಲ್ಕು ಸೆಲ್‌ಗಳಲ್ಲಿ ಒಂದು ಹಳೆಯದು ಸೇರಿಕೊಂಡಿತ್ತು. ಒಂದು ದುರ್ಬಲವಾದರೆ ನಾಲ್ಕೂ ಕುಸಿದ ಹಾಗೆ. ಈಗ ಒಳ್ಳೆಯ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ಮಾತ್ರ ಹಾಕುತ್ತೇನೆ. ನಾಲ್ಕಕ್ಕೂ ಒಂದೇ ಬಣ್ಣದ ಟೇಪ್ ಸುತ್ತಿ, ಒಟ್ಟಿಗೇ ಚಾರ್ಜ್ ಮಾಡುತ್ತೇನೆ. ಸಾಮಾನ್ಯ ಆಲ್ಕಲೈನ್ ಸೆಲ್‌ನಲ್ಲಿ ಸ್ಟ್ರೋಬ್ ಚಾರ್ಜ್ ಆಗುವುದು ತುಂಬ ನಿಧಾನ.

ಸ್ಟ್ರೋಬ್ ಸೆಲ್ ಮುಚ್ಚಳದ ಒ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಮೇಲೆ ಒಂದು ಕೂದಲಿದ್ದರೂ ನೀರು ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಮುಚ್ಚಳವನ್ನು ಮುಖದಿಂದ ದೂರ ಹಿಡಿದು ನಿಧಾನ ತಿರುಗಿಸಿ. ನೀರು ತಗುಲಿದ ಸೆಲ್ ಗ್ಯಾಸ್ ಬಿಡುತ್ತದೆ, ಆ ಒತ್ತಡಕ್ಕೆ ಮುಚ್ಚಳ ಹಾರಬಹುದು. ಇದನ್ನು ಹಗುರವಾಗಿ ತಗೊಳ್ಳಬೇಡಿ.

ಕನ್ನಡಿಯಲ್ಲಿ ಎಲ್ಲ ಸರಿಯಿದ್ದೂ ನೀರಿನಲ್ಲಿ ನೀಲಿಯೇ ಬಂದರೆ ನೀವು ದೂರದಿಂದ ತೆಗೆಯುತ್ತಿದ್ದೀರಿ. ನೀರು ಮೊದಲು ನುಂಗುವುದು ಕೆಂಪನ್ನು. ಸ್ಟ್ರೋಬ್ ಬೆಳಕು ಮೀನಿನ ತನಕ ಹೋಗಿ, ತಿರುಗಿ ಲೆನ್ಸಿಗೆ ಬರಬೇಕು, ಎರಡೂ ದಾರಿಯಲ್ಲಿ ನಷ್ಟ. ಮೂರು ಮೀಟರ್ ಆಚೆಗಿನ ಮೀನಿಗೆ ಪೂರ್ತಿ ಪವರ್ ಕೊಟ್ಟರೂ ಬಣ್ಣ ಬರುವುದಿಲ್ಲ. ಒಂದು ಮೀಟರ್ ಒಳಗೆ ಹೋಗಿ, ಅರ್ಧ ಮೀಟರ್ ಆದರೆ ಇನ್ನೂ ಒಳ್ಳೆಯದು. ಸ್ಟ್ರೋಬ್ ಬೆಳಕನ್ನು ಹೆಚ್ಚು ಕಡಿಮೆ ಮಾಡುವುದು ಅಪರ್ಚರ್, ಐಎಸ್ಒ ಮತ್ತು ಸ್ಟ್ರೋಬ್‌ನ ಪವರ್. ಶಟರ್ ಬದಲಿಸಿದರೆ ಹಿಂದಿನ ನೀಲಿ ನೀರು ಮಾತ್ರ ಬದಲಾಗುತ್ತದೆ. ಎಫ್ 5.6, ಐಎಸ್ಒ 125, ಶಟರ್ 1/125, ಸ್ಟ್ರೋಬ್ ಕಾಲು ಪವರ್ ಇಟ್ಟು ಶುರು ಮಾಡಿ, ಅಲ್ಲಿಂದ ಸ್ಟ್ರೋಬ್ ಪವರ್ ಮಾತ್ರ ಏರಿಸಿ ಇಳಿಸಿ. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಅಂಡರ್‌ವಾಟರ್‌ನಲ್ಲಿ ಇಡಬೇಡಿ. ಅದರ ಜೊತೆ ಸ್ಟ್ರೋಬ್ ಬೆಳಕೂ ಸೇರಿದರೆ ಹತ್ತಿರದ್ದೆಲ್ಲ ಗುಲಾಬಿ ಆಗುತ್ತದೆ. ಆಟೋ ಸಾಕು.

ನಿಮ್ಮ ಎರಡನೇ ಫೋಟೋದ ತುಂಬ ಬಿಳಿ ಚುಕ್ಕೆ ಇವೆ ಅಲ್ವಾ? ಅದೊಂದರಲ್ಲೇ ಸ್ಟ್ರೋಬ್ ಸರಿಯಾಗಿ ಹೊಡೆದದ್ದು. ನೀರಿನಲ್ಲಿ ತೇಲುವ ಕಣಗಳಿಗೆ ಬೆಳಕು ಬಿದ್ದಿದೆ. ಸ್ಟ್ರೋಬ್ ತೋಳನ್ನು ಪಕ್ಕಕ್ಕೆ ಚಾಚಿ, ಲೆನ್ಸಿಗಿಂತ ಸ್ವಲ್ಪ ಹಿಂದೆ ತನ್ನಿ, ಮುಖವನ್ನು ಕೊಂಚ ಹೊರಕ್ಕೆ ತಿರುಗಿಸಿ. ಬೆಳಕಿನ ಅಂಚು ಮಾತ್ರ ಮೀನಿಗೆ ತಾಗಲಿ.

ಮುರ್ಡೇಶ್ವರದಿಂದ ದೋಣಿಯಲ್ಲಿ ಗಂಟೆಗೂ ಮೀರಿ ಹೋಗಿ, ನೀರಿಗಿಳಿದ ಮೇಲೆ ಗುಂಡಿ ಹುಡುಕುವುದು ಬೇಡ. ಇವತ್ತು ರಾತ್ರಿಯೇ ಕನ್ನಡಿ ಫೋಟೋ ತೆಗೆದು ಇಲ್ಲಿ ಹಾಕಿ. ಸ್ಟ್ರೋಬ್‌ನ ಮಾಡೆಲ್ ಹೆಸರು, ಹಿಂಬದಿ ಗುಂಡಿಗಳ ಚಿತ್ರವೂ ಇರಲಿ. ಯಾವ ಗುಂಡಿ ಎಲ್ಲಿಗೆ ತಿರುಗಿಸಬೇಕು ಅಂತ ಒಟ್ಟಿಗೆ ನೋಡೋಣ.