ತಾತನ ಮಾತು ನಾಲ್ಕನೇ ಪುಟದಲ್ಲಿ ಯಾಕಿದೆ?

ನಮಸ್ಕಾರ.

‘ಹುಲಿ ಹೆಚ್ಚಿತು, ಜಿಂಕೆ ಕರಗಿತು’ ಲೇಖನ ತಲುಪಿತು. ಎರಡು ಸಲ ಓದಿದೆ. ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ಆದರೆ ತಿದ್ದಿ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ತಮಿಳುನಾಡಿನ ತಾಳವಾಡಿ ಕಡೆಯಿಂದ ಕಾಡಿನ ಬಗ್ಗೆ ಕನ್ನಡದಲ್ಲಿ ಬರೆದು ಕಳಿಸುವವರು ಬೆರಳೆಣಿಕೆ. ಬರುವುದರಲ್ಲೂ ಮುಕ್ಕಾಲು ಪಾಲು ಆನೆ ಬೆಳೆ ತುಳಿದ ಸುದ್ದಿ.

ನಿಮ್ಮ ವಾದ ಇಷ್ಟು: ಹಾಸನೂರಿನಿಂದ ದಿಂಬಂಗೆ ಹೋಗುವಾಗ ಮುಂಚೆ ಮಂದೆ ಮಂದೆ ಜಿಂಕೆ ಕಾಣುತ್ತಿದ್ದವು, ಈಗ ಇಲ್ಲ, 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅಲ್ಲಿಗೆ ಹುಲಿಯೇ ತಿಂದು ಮುಗಿಸಿತು. ಬಸ್ಸಿನ ಕಿಟಕಿಯಲ್ಲಿ ಕಂಡದ್ದನ್ನು ಎಣಿಕೆ ಎನ್ನಲಾಗದು. ಕಾಡ್ಗಿಚ್ಚು ಹಬ್ಬದಂತೆ ರಸ್ತೆ ಪಕ್ಕ ಬಿಡುವ ಬೆಂಕಿ ರೇಖೆಯ ಪಟ್ಟಿ ಸುಟ್ಟು, ಒಂದು ಮಳೆ ಬಿದ್ದು, ಎಳೆ ಹುಲ್ಲು ಚಿಗುರಿದರೆ ಜಿಂಕೆ ಅಲ್ಲೇ ಬಂದು ನಿಲ್ಲುತ್ತದೆ. ಅದೇ ಜಾಗಕ್ಕೆ ಲಂಟಾನ ಎಂಬ ಕಳೆಪೊದೆ ಹಬ್ಬಿತೋ, ಹುಲ್ಲು ಹೋಯಿತು; ಜಿಂಕೆ ಇದ್ದರೂ ಪೊದೆ ಮರೆಯಲ್ಲಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಣಿಸುವವರು ಗೊತ್ತುಮಾಡಿದ ಗೆರೆಯ ಮೇಲೆ ನಡೆದು, ಕಂಡ ಪ್ರತಿ ಮಂದೆ ಎಷ್ಟು ದೂರದಲ್ಲಿತ್ತೆಂದು ಬರೆದುಕೊಳ್ಳುವುದೇ ಈ ಕಾರಣಕ್ಕೆ. ಕಣ್ತಪ್ಪಿದವು ಎಷ್ಟಿರಬಹುದೆಂದು ಆ ದೂರದಿಂದಲೇ ಅಂದಾಜು ಮಾಡುತ್ತಾರೆ.

ಹುಲಿ ಜಿಂಕೆ ತಿನ್ನುವುದಿಲ್ಲವೆಂದು ಯಾರೂ ಹೇಳುತ್ತಿಲ್ಲ. ತಿನ್ನುವವರೇ ಇಲ್ಲದ ಕಡೆ ಏನಾಯಿತು ನೋಡಿ. ಅಲಾಸ್ಕಾದ ಸೇಂಟ್ ಮ್ಯಾಥ್ಯೂ ದ್ವೀಪದಲ್ಲಿ 1944ರಲ್ಲಿ 29 ಹಿಮಸಾರಂಗಗಳನ್ನು ಬಿಟ್ಟರು. ತೋಳದ ಕಾಟವಿಲ್ಲ. 1963ರ ಹೊತ್ತಿಗೆ 6,000 ಆದವು. ಚಳಿಗಾಲದ ಮೇವಾದ ಕಲ್ಲುಹೂವು ಬೆಳೆಯುವುದೇ ನಿಧಾನ, ಅದನ್ನು ಬೋಳಿಸಿಬಿಟ್ಟಿದ್ದವು. ಮೈಯಲ್ಲಿ ಕೊಬ್ಬಿಲ್ಲದ ಹೊತ್ತಿಗೆ ಬಿರುಸಾದ ಚಳಿಗಾಲ ಬಂತು. 1966ರಲ್ಲಿ ಉಳಿದದ್ದು 42. ನಿಮ್ಮ ಐದು ಪುಟದಲ್ಲಿ ‘ಮೇವು’ ಎಂಬ ಪದ ಒಂದು ಸಲವೂ ಬಂದಿಲ್ಲ. ದನ ಕಟ್ಟಿದ ಮನೆಯವರು ಅದನ್ನು ಮರೆಯುವುದೇ?

ನನ್ನ ನಿಜವಾದ ಜಗಳ ಬೇರೆ. ನಾಲ್ಕನೇ ಪುಟದ ಕೊನೆಗೆ, ಅದೂ ಬ್ರಾಕೆಟ್ಟಿನಲ್ಲಿ, ‘ಅರವತ್ತೆಂಟರಲ್ಲಿ ದೊಡ್ಡರೋಗ ಬಂದು ಕಾಟಿಗಳು ಹಳ್ಳದ ದಂಡೆ ಉದ್ದಕ್ಕೂ ಸತ್ತು ಬಿದ್ದಿದ್ದವು, ನಾತಕ್ಕೆ ಆ ಕಡೆ ದನ ಹೊಡೆಯುತ್ತಿರಲಿಲ್ಲ ಎಂದು ತಾತ ಹೇಳುತ್ತಿದ್ದರು’ ಎಂದು ಬರೆದಿದ್ದೀರಿ. ಇಂಥದ್ದನ್ನು ಯಾರಾದರೂ ಬ್ರಾಕೆಟ್ಟಿನಲ್ಲಿ ಹಾಕುತ್ತಾರೆಯೇ ಮಾರಾಯರೇ! 1968ರಲ್ಲಿ ಬಂಡೀಪುರ, ಮುದುಮಲೆ ಕಡೆಯ ಕಾಟಿಗಳನ್ನು, ಅಂದರೆ ಕಾಡುಕೋಣಗಳನ್ನು, ಆ ರೋಗ ಬಹುಪಾಲು ಒರೆಸಿಹಾಕಿತ್ತು. ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಎನ್ನುವ ಅದು ದನಗಳ ರೋಗ, ಮೇಯಲು ಹೋದ ದನಗಳ ಜೊತೆ ಕಾಡಿಗೂ ಹೋಗುತ್ತಿತ್ತು. ಕಾಟಿ ಒಂಬತ್ತು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಕರು ಹಾಕುತ್ತದೆ. ಮಂದೆ ಮತ್ತೆ ತುಂಬಬೇಕಾದರೆ ವರ್ಷಗಟ್ಟಲೆ ಬೇಕು. ‘ನಾನು ಚಿಕ್ಕವನಿದ್ದಾಗ ಕಾಟಿ ವರ್ಷ ವರ್ಷ ಹೆಚ್ಚುತ್ತಿದ್ದವು’ ಎಂದು ಮೊದಲ ಪುಟದಲ್ಲಿ ನೀವು ನೆನೆದ ಸುಗ್ಗಿಕಾಲ, ಸತ್ತವುಗಳ ಜಾಗ ತುಂಬಿಕೊಳ್ಳುತ್ತಿದ್ದ ಕಾಲವೂ ಆಗಿರಬಹುದು.

ಆಫ್ರಿಕಾದ ಸೆರೆಂಗೆಟಿಯಲ್ಲಿ ಇದೇ ಸಂಗತಿ ದೊಡ್ಡದಾಗಿ ನಡೆಯಿತು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ್ದಕ್ಕೆ ಕಾಡಿನಲ್ಲಿ ರೋಗ ನಿಂತಿತು. 1960ರ ದಶಕದ ಮೊದಲಲ್ಲಿ ಸುಮಾರು 2.5 ಲಕ್ಷವಿದ್ದ, ಹುಲ್ಲು ಮೇಯುವ ವೈಲ್ಡ್‌ಬೀಸ್ಟ್ ಎಂಬ ಕಾಡುಪ್ರಾಣಿಗಳು 1977ಕ್ಕೆ ಸುಮಾರು 13 ಲಕ್ಷವಾದವು. ಸಿಂಹ, ಕತ್ತೆಕಿರುಬ ಎಲ್ಲ ಅಲ್ಲೇ ಇದ್ದವು. ಒಣಗಾಲದ ಹುಲ್ಲು ಎಲ್ಲಕ್ಕೂ ಸಾಲದಾದಾಗ ಏರಿಕೆ ನಿಂತಿತು.

ಭಾಷೆಯ ಬಗ್ಗೆ ಒಂದೇ ಮಾತು. ‘ಸಸ್ಯಾಹಾರಿ ಸಂಕುಲದ ಸಂಖ್ಯಾ ಕುಸಿತ’ ಎಂದು ನಿಮ್ಮೂರಲ್ಲಿ ಯಾರು ಮಾತಾಡುತ್ತಾರೆ? ಜಿಂಕೆ, ಕಡವೆ, ಕಾಟಿ ಎಂದು ಹೆಸರು ಹಿಡಿದೇ ಬರೆಯಿರಿ. ಜಿಂಕೆಗೆ ಹುಲ್ಲು ಬೇಕು, ಕಡವೆ ಸೊಪ್ಪಿನಲ್ಲೂ ಬದುಕುತ್ತದೆ. ಒಂದು ಇಳಿದ ವರ್ಷ ಇನ್ನೊಂದು ಇಳಿಯಲೇಬೇಕೆಂದಿಲ್ಲ.

ಮೊದಲ ಮೂರು ಪುಟ ಬಿಟ್ಟುಬಿಡಿ, ಹಳ್ಳದ ದಂಡೆಯಿಂದ ಶುರುಮಾಡಿ. ಆ ವರ್ಷ ಊರಲ್ಲಿ ಯಾರ ಯಾರ ಮನೆಯ ದನ ಹೋದವು, ಚುಚ್ಚುಮದ್ದಿನವರು ಯಾವಾಗ ಬಂದರು, ಕಾಟಿ ಮತ್ತೆ ಕಂಡದ್ದು ಎಷ್ಟು ವರ್ಷಕ್ಕೆ, ಕೇಳಿ ಬರೆಯಿರಿ. ಹಾಸನೂರು ಕಡೆಯ ಸೋಲಿಗರ ಹಿರಿಯರನ್ನೂ ಕೇಳಿ. ದೊಡ್ಡರೋಗ ಜಗತ್ತಿನಿಂದಲೇ ಹೋಯಿತೆಂದು 2011ರಲ್ಲಿ ಸಾರಿದರು. ಈಗಿನ ಹುಡುಗರಿಗೆ ಹೆಸರೂ ಗೊತ್ತಿಲ್ಲ, ಕಂಡವರೆಲ್ಲ ಎಪ್ಪತ್ತರ ಆಸುಪಾಸಿನವರು. ತಿಂಗಳ ಕೊನೆಯೊಳಗೆ ಕಳಿಸಿ. ಕೈಬರಹವಾದರೂ ಸರಿ, ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ.