ಜೇಡಿ, ರಬ್ಬರ್ ಎರಡನ್ನೂ ಹಾಕಿದರೂ ನೈಲಾನ್ ಯಾಕೆ ಗಾಜಿನಂತೆ ಮುರಿಯುತ್ತದೆ?

ನೈಲಾನ್ 6ಕ್ಕೆ ಶೇ 4 ಆರ್ಗಾನೋಕ್ಲೇ (ಸಾವಯವ ಲವಣ ಹಚ್ಚಿದ ಪದರ ಜೇಡಿ), ಶೇ 15 ಮೆಲೈಕ್ ಗ್ರಾಫ್ಟ್ ಆದ, ಅಂದರೆ ಮೆಲೈಕ್ ಗುಂಪು ಕಸಿ ಮಾಡಿದ, ಇಪಿಆರ್ (ಎಥಿಲೀನ್–ಪ್ರೊಪಿಲೀನ್) ರಬ್ಬರ್ ಒಟ್ಟಿಗೇ ಎಕ್ಸ್‌ಟ್ರೂಡರಿನ (ಕರಗಿಸಿ ಬೆರೆಸಿ ದಾರವಾಗಿ ಹೊರತಳ್ಳುವ ಯಂತ್ರ) ಹಾಪರ್‌ಗೆ ಹಾಕಿದ್ದೀರಿ. ಬಿಗಿತ ಏರಿತು, ಐಜೋಡ್ (ಕಚ್ಚು ಹಾಕಿದ ಪಟ್ಟಿಗೆ ಪೆಟ್ಟು ಕೊಟ್ಟು ಮುರಿಯುವ ಪರೀಕ್ಷೆ) ಅಂಕಿ ಮಾತ್ರ ಏರಲಿಲ್ಲ ಎಂದಿದ್ದೀರಿ. ನನ್ನ ಅನುಮಾನವೆಲ್ಲ ಆ 'ಒಟ್ಟಿಗೇ' ಎಂಬುದರ ಮೇಲೆ.

ಜೇಡಿಯಿಂದ ಪೆಟ್ಟು ತಾಳುವ ಶಕ್ತಿ ಬರುತ್ತದೆ ಎಂದು ನಂಬಬೇಡಿ. ಟೊಯೋಟಾದ ಸಂಶೋಧನಾಲಯ ಮೊದಲು ನೈಲಾನ್–ಜೇಡಿ ಮಾಡಿದಾಗಲೂ ಶಾಖ ತಡೆಯುವ ಮಟ್ಟ 65 ಡಿಗ್ರಿಯಿಂದ 140 ದಾಟಿತು, ಪೆಟ್ಟು ತಡೆಯುವ ಶಕ್ತಿ ಇದ್ದಲ್ಲೇ ಇತ್ತು. ಪೆಟ್ಟನ್ನು ನುಂಗುವುದು ರಬ್ಬರ್. ಪೆಟ್ಟು ಬಿದ್ದಾಗ ರಬ್ಬರ್ ಕಣದ ಒಳಗೆ ಸಣ್ಣ ಪೊಳ್ಳು ಬಿಟ್ಟುಕೊಳ್ಳಬೇಕು. ಆಗ ಸುತ್ತಲಿನ ನೈಲಾನ್ ಮೇಲಿನ ಎಳೆತ ಸಡಿಲಿ ಅದು ಹಿಗ್ಗುತ್ತದೆ. ಜೇಡಿ ಪದರಗಳು ರಬ್ಬರ್ ಒಳಗೇ ಸೇರಿಕೊಂಡರೆ ಕಣ ಬಿಗಿಯುತ್ತದೆ, ಪೊಳ್ಳು ಬಿಡುವುದಿಲ್ಲ. ಎಲ್ಲವನ್ನೂ ಒಮ್ಮೆಗೇ ಹಾಕಿದಾಗ ಆಗುವುದು ಇದೇ.

ಹಾಗಾಗಿ ಎರಡು ಸುತ್ತಿನಲ್ಲಿ ಮಾಡಿ. ಒಂದು ಕೆಜಿಗೆ 810 ಗ್ರಾಂ ನೈಲಾನ್, 40 ಗ್ರಾಂ ಜೇಡಿ ಮೊದಲು. ಆ ಗುಳಿಗೆಗಳನ್ನು ಮತ್ತೆ ಒಣಗಿಸಿ, ಎರಡನೇ ಸುತ್ತಿನಲ್ಲಿ 150 ಗ್ರಾಂ ರಬ್ಬರ್. ಸೈಡ್ ಫೀಡರ್ (ಯಂತ್ರದ ಮಧ್ಯದಲ್ಲಿ ಪಕ್ಕದಿಂದ ಉಣಿಸುವ ಬಾಯಿ) ಇದ್ದರೆ ಒಂದೇ ಓಟದಲ್ಲಿ ರಬ್ಬರನ್ನು ಅರ್ಧ ದಾರಿಯಲ್ಲಿ ಕೊಡಬಹುದು. ನೈಲಾನನ್ನು 80 ಡಿಗ್ರಿ ವ್ಯಾಕ್ಯೂಮ್ ಓವನ್‌ನಲ್ಲಿ ರಾತ್ರಿಯಿಡೀ ಇಡಿ. ತೇವ ಉಳಿದರೆ ಸರಪಳಿ ಕಡಿದು, ಹೊರಬರುವ ದಾರದಲ್ಲಿ ಗುಳ್ಳೆ ಕಾಣುತ್ತದೆ. ಎಕ್ಸ್‌ಟ್ರೂಡರಿನ ಬ್ಯಾರೆಲ್ 230–240 ಡಿಗ್ರಿ ಸಾಕು. ಜೇಡಿಗೆ ಹಚ್ಚಿದ ಅಮೋನಿಯಂ ಲವಣ 200 ಡಿಗ್ರಿ ಸುಮಾರಿಗೇ ಒಡೆಯತೊಡಗುತ್ತದೆ. ದಾರ ಕಂದು ಬಣ್ಣಕ್ಕೆ ತಿರುಗಿ ಘಾಟು ಹೊಡೆದರೆ ಶಾಖ ಅಥವಾ ಒಳಗಿರುವ ಸಮಯ ಹೆಚ್ಚಾಗಿದೆ ಎಂದೇ ಅರ್ಥ.

ಖರ್ಚು ಉಳಿಸಲು ಸಾದಾ ಇಪಿಡಿಎಂ (ಮೆಲೈಕ್ ಕಸಿ ಇಲ್ಲದ ಅದೇ ಬಗೆಯ ರಬ್ಬರ್) ಹಾಕುವ ಆಸೆ ಬೇಡ. ಮೆಲೈಕ್ ಗುಂಪು ನೈಲಾನ್‌ನ ಅಮೀನ್ ತುದಿಗೆ ಕಚ್ಚಿಕೊಂಡರಷ್ಟೇ ಕಣಗಳು 0.2–0.4 ಮೈಕ್ರಾನ್‌ಗೆ ಇಳಿಯುತ್ತವೆ. ಸಾದಾ ರಬ್ಬರ್ ಹಲವು ಮೈಕ್ರಾನಿನ ಮುದ್ದೆಯಾಗಿಯೇ ಉಳಿಯುತ್ತದೆ.

ಜೇಡಿ ನಿಜವಾಗಿ ಎಷ್ಟು ಸೇರಿದೆ ಎಂದು ಸುಟ್ಟು ನೋಡಿ. ಆರ್ಗಾನೋಕ್ಲೇಯಲ್ಲಿ ಸುಮಾರು ಮೂರನೇ ಒಂದು ಭಾಗ ಉರಿದುಹೋಗುವ ಸಾವಯವ ಅಂಶ, ಆದ್ದರಿಂದ ಶೇ 4 ಹಾಕಿದ್ದರೆ ಬೂದಿ ಶೇ 2.7ರ ಆಸುಪಾಸು ಸಿಗಬೇಕು. ಎಕ್ಸ್‌ಆರ್‌ಡಿಯಲ್ಲಿ (ಪದರಗಳ ಅಂತರ ಅಳೆಯುವ ಎಕ್ಸ್-ರೇ ಪರೀಕ್ಷೆ) ಶಿಖರ ಮಾಯವಾಯಿತು ಎಂದು ಜೇಡಿಯ ಪದರಗಳು ಬಿಡಿಬಿಡಿಯಾದವು ಅಂದುಕೊಳ್ಳಬೇಡಿ, ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರ ಬೇಕೇ ಬೇಕು. ರಬ್ಬರ್ ಒಳಗೆ ಜೇಡಿ ಹೊಕ್ಕಿದೆಯೇ ಎಂಬುದೂ ಅಲ್ಲೇ ಕಾಣುತ್ತದೆ.

ಐಜೋಡ್ ಪಟ್ಟಿಗೆ ನಾಚ್ (ಕಚ್ಚು) ಕತ್ತರಿಸಿ ಮಾಡಿ, ಅಚ್ಚಿನಲ್ಲೇ ಮೂಡಿಸಬೇಡಿ. ಅಚ್ಚಿನಿಂದ ತೆಗೆದ ಕೂಡಲೇ ಪಟ್ಟಿಗಳನ್ನು ಮುಚ್ಚಿದ ಚೀಲಕ್ಕೆ ಹಾಕಿ. ಗಾಳಿಯ ತೇವ ಕುಡಿದ ನೈಲಾನ್ ತಾನಾಗಿ ಮೆತ್ತಗಾಗಿ ಸುಳ್ಳು ಸಂಖ್ಯೆ ಕೊಡುತ್ತದೆ. ಮುರಿದ ಮುಖವನ್ನು ಬೆಳಕಿಗೆ ಹಿಡಿಯಿರಿ. ನಾಚ್‌ನಿಂದ ಒಳಕ್ಕೆ ಹಾಲಿನಂತೆ ಬಿಳಿಚಿಕೊಂಡಿದ್ದರೆ ರಬ್ಬರ್ ಕೆಲಸ ಮಾಡಿದೆ. ನಾಚ್ ಬುಡದಲ್ಲಿ ಕೂದಲೆಳೆಯಷ್ಟೇ ಬಿಳಿ, ಉಳಿದದ್ದು ನುಣುಪು ಎಂದಾದರೆ ಜೇಡಿಯನ್ನು ಶೇ 2ಕ್ಕೆ ಇಳಿಸಿ, ರಬ್ಬರನ್ನು 20ಕ್ಕೆ ಏರಿಸಿ ಇನ್ನೊಮ್ಮೆ ಓಡಿಸಿ. ಸ್ವಲ್ಪ ಬಿಗಿತ ಕೈಬಿಡುತ್ತದೆ, ಅದಕ್ಕೆ ಸಿದ್ಧರಿರಿ.